ಶನಿವಾರ ಮಾತ್ರ ಸೋಲುವ ಜೀಪು

ನಮ್ಮ ಮನೆಯ ಹಳೇ ಡೀಸೆಲ್ ಜೀಪು ಶನಿವಾರ ಮಾತ್ರ ಸೋಲುತ್ತಿತ್ತು. ಅದೂ ನನ್ನ ಮಾವ ದೇವರಾಜು ಓಡಿಸಿದರೆ ಮಾತ್ರ. ಉಳಿದ ದಿನ ನನ್ನ ಗಂಡ ನಂದೀಶ್ ಅದರಲ್ಲಿ ಗೊಬ್ಬರ ಹೇರಿಕೊಂಡು ಗದ್ದೆಗೂ ಕಾಫಿ ತೋಟಕ್ಕೂ ಓಡಾಡುತ್ತಿದ್ದರು, ಒಂದು ದಿನವೂ ತಕರಾರು ಮಾಡಿರಲಿಲ್ಲ. ಶನಿವಾರ ಮಾವ ಶನಿವಾರಸಂತೆ ಊರಿನ ಸಂತೆಗೆ ಬೀನ್ಸು, ಹಸಿಮೆಣಸಿನಕಾಯಿ ಹಾಕಿ ವಾಪಸು ಬರುವಾಗ, ನಮ್ಮೂರಿಗೆ ಮುಂಚೆ ಸಿಗುವ ಉದ್ದನೆಯ ಏರಿನಲ್ಲಿ ಎಂಜಿನ್ ಸುಸ್ತಾಗುತ್ತಿತ್ತು. ಎಷ್ಟು ತುಳಿದರೂ ಎಳೆಯದೆ ನಿಂತೇ ಬಿಡುತ್ತಿತ್ತು. ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲವೇನೋ ಎಂಬಂತೆ ಹತ್ತಿಕೊಂಡು ಬರುತ್ತಿತ್ತು. ಮೂರು ಶನಿವಾರ ಹೀಗೇ ಆಯಿತು.

ಅತ್ತೆ ಲಿಂಗಮ್ಮ ಶನಿದೇವರಿಗೆ ಎಳ್ಳೆಣ್ಣೆ ದೀಪ ಹಚ್ಚಿದರು. ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಯಾವುದಾದರೂ ಕೆಟ್ಟರೆ ಅದು ಯಾಕೆ ಕೆಟ್ಟಿತೆಂದು ತಿಳಿಯುವವರೆಗೆ ನನಗೆ ಅನ್ನ ರುಚಿಸುವುದಿಲ್ಲ. ಕೆಟ್ಟ ಮಿಕ್ಸಿಯನ್ನು ಬಿಚ್ಚಿ ಹರವಿಕೊಂಡು ಕೂತು ಮನೆಯವರಿಂದ ಬೈಸಿಕೊಂಡಿದ್ದೂ ಉಂಟು.

ಸಂತೆ ಊರಿನ ಮೆಕ್ಯಾನಿಕ್ ಅಶ್ವಥ್ ಬುಧವಾರ ಮನೆಗೇ ಬಂದ. ಡೀಸೆಲ್ ಫಿಲ್ಟರ್ ಬದಲಾಯಿಸಿದ, ಏರ್ ಫಿಲ್ಟರ್ ಕೊಡವಿದ, ಪೈಪುಗಳನ್ನೆಲ್ಲ ಊದಿ ನೋಡಿದ. ಆಮೇಲೆ ನಂದೀಶರನ್ನು ಕೂರಿಸಿಕೊಂಡು ಅದೇ ಏರನ್ನು ಎರಡು ಸಲ ಹತ್ತಿಸಿದ. ಜೀಪು ಹೋರಿಯ ಹಾಗೆ ಹತ್ತಿತು. ಅವನು ಕೈ ಒರೆಸಿಕೊಳ್ಳುತ್ತಾ, ಗಾಡಿಯಲ್ಲಿ ಏನೂ ದೋಷವಿಲ್ಲ, ಯಜಮಾನರು ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತಾರೇನೋ, ವಯಸ್ಸಾದವರಿಗೆ ಗೊತ್ತಾಗುವುದಿಲ್ಲ ಎಂದ. ಮಾವ ಜಗುಲಿಯಲ್ಲೇ ಕೂತಿದ್ದರು.

ಮಾವನಿಗೆ ಎಪ್ಪತ್ಮೂರು. ಹಿಂದಿನ ವಾರ ಜೀಪು ನಿಂತಾಗ ಹಿಂದೆ ಮರದ ಲಾರಿ ಬರುತ್ತಿತ್ತಂತೆ, ಡ್ರೈವರ್ ಒಂದು ಮಾರು ಅಂತರದಲ್ಲಿ ಬ್ರೇಕ್ ಹಾಕಿದನಂತೆ. ಅದನ್ನು ಕೇಳಿದ ಮೇಲೆ ನಂದೀಶ್ ತೀರ್ಮಾನ ಮಾಡಿಬಿಟ್ಟರು. ಈ ಶನಿವಾರ ಅಪ್ಪ ಒಂದು ಸಲ ಹೋಗಿ ಬರಲಿ, ಆಮೇಲೆ ಕೀ ನನ್ನ ಹತ್ತಿರ ಇರಲಿ ಎಂದರು. ನಿಜ ಹೇಳಬೇಕೆಂದರೆ ಆ ಮಾತನ್ನು ಮೊದಲು ಎತ್ತಿದ್ದೇ ನಾನು. ಕೀ ಹೋದರೆ ಮಾವನಿಗೆ ಸಂತೆಯೂ ಹೋಯಿತು, ಸಂತೆಯ ಗೆಳೆಯರೂ ಹೋದರು ಎಂದು ನನಗೆ ಗೊತ್ತಿತ್ತು. ಇನ್ನೊಬ್ಬರ ಗಾಡಿಯಲ್ಲಿ ಕೂತು ಹೋಗುವ ಮನುಷ್ಯ ಅವರಲ್ಲ. ಆದರೂ ಜೀವ ದೊಡ್ಡದಲ್ಲವೇ ಎಂದು ವಾದಿಸಿದ್ದೆ.

ಆ ಶನಿವಾರ ನಾನೂ ಜೊತೆಗೆ ಹೊರಟೆ. ಸೀರೆ ಅಂಗಡಿಯಲ್ಲಿ ಕೆಲಸವಿದೆ ಎಂದೆ. ನಿಜವಾದ ಕೆಲಸ ಮಾವನ ಎಡಗಾಲನ್ನು ನೋಡುವುದು.

ಸಂತೆ ಮುಗಿಸಿ ಮಾವ ಬಂಕಿನಲ್ಲಿ ಟ್ಯಾಂಕ್ ಭರ್ತಿ ಮಾಡಿಸಿದರು. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ ಡೀಸೆಲ್ ಸಿಗುವುದಿಲ್ಲವೆಂದು, ಸಂತೆಯಿಂದ ಬರುವಾಗ ಟ್ಯಾಂಕ್ ತುಂಬಿರಲೇಬೇಕು ಎನ್ನುವುದು ಅವರ ಹಳೇ ಪದ್ಧತಿ. ಬೂದು ಮೋಡದ ಮಧ್ಯಾಹ್ನ, ಜಿಟಿಜಿಟಿ ಹನಿ. ಅರ್ಧ ಗಂಟೆ ಚೆನ್ನಾಗಿ ಬಂದೆವು. ಏರು ಶುರುವಾಯಿತು. ಮೊದಲ ತಿರುವು ದಾಟಿದೆವು, ಎರಡನೆಯದರ ಹತ್ತಿರ ಎಂಜಿನ್ನಿನ ದನಿ ತೆಳ್ಳಗಾಗತೊಡಗಿತು. ನಾನು ನಾಚಿಕೆ ಬಿಟ್ಟು ಬಗ್ಗಿ ನೋಡಿದೆ. ಬಲಗಾಲು ಎಕ್ಸಿಲರೇಟರನ್ನು ತಳದವರೆಗೆ ಒತ್ತಿತ್ತು. ಎಡಗಾಲು ಕ್ಲಚ್ಚಿನಿಂದ ಗೇಣು ದೂರ, ಬರೀ ನೆಲದ ಮೇಲಿತ್ತು. ಜೀಪು ನಿಂತಿತು. ಮಾವ ಕೈ ಬ್ರೇಕ್ ಎಳೆದು, ಇಳಿದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟರು. ಆ ಕಲ್ಲನ್ನು ಸೀಟಿನ ಕೆಳಗೇ ಇಟ್ಟುಕೊಂಡು ತಿರುಗುತ್ತಿದ್ದಾರೆಂದು ಆಗಲೇ ನನಗೆ ತಿಳಿದದ್ದು.

ನನಗೆ ಖುಷಿಯಾಯಿತು. ಗಾಡಿ ನಿಂತದ್ದಕ್ಕೆ ಖುಷಿಪಟ್ಟವಳು ಈ ರಸ್ತೆಯಲ್ಲಿ ನಾನೊಬ್ಬಳೇ ಇರಬೇಕು. ತಪ್ಪು ಕಾಲಿನದಲ್ಲವೆಂದ ಮೇಲೆ ಕಾರಣ ಗಾಡಿಯಲ್ಲೇ ಇದೆ, ಗಾಡಿಯಲ್ಲಿದ್ದರೆ ಹುಡುಕಬಹುದು. ಡೀಸೆಲ್ ಎಂಜಿನ್‌ವರೆಗೆ ಬರುತ್ತಿಲ್ಲವೇನೋ ಎಂದುಕೊಂಡು, ಹತ್ತು ನಿಮಿಷ ಕಾಯದೆ ಟ್ಯಾಂಕ್ ಇಣುಕಿ ನೋಡಲು ಮುಚ್ಚಳ ತಿರುಗಿಸಿದೆ. ಅದು ಸುಲಭಕ್ಕೆ ಬರಲಿಲ್ಲ. ಸೆರಗು ಸುತ್ತಿ ಹಿಡಿದು ಎಳೆದಾಗ ಸುಯ್ಯೆಂದು ಗಾಳಿ ಒಳಗೆ ನುಗ್ಗಿತು.

ಮಾವನಿಗೆ ಈಗಲೇ ಸ್ಟಾರ್ಟ್ ಮಾಡಿ ಎಂದೆ. ಇನ್ನೂ ಹೊತ್ತಾಗಿಲ್ಲವಲ್ಲ ಎನ್ನುತ್ತಲೇ ಅವರು ಕೀ ತಿರುಗಿಸಿದರು. ಎಂಜಿನ್ ಸರಿಯಾಗಿ ಗುಡುಗಿತು.

ಈಗ ನನ್ನನ್ನು ಹಿಡಿಯುವವರಿರಲಿಲ್ಲ. ಮುಚ್ಚಳ ಬಿಗಿ ಮಾಡಿ, ಗಾಡಿಯನ್ನು ನಿಲ್ಲಿಸಿದಲ್ಲೇ ಎಕ್ಸಿಲರೇಟರ್ ಒತ್ತಿ ಹಿಡಿಯಲು ಹೇಳಿದೆ. ಸುಮಾರು ಹೊತ್ತು ಚೆನ್ನಾಗಿ ಕೂಗಿತು, ಆಮೇಲೆ ದನಿ ಇಳಿಯಿತು. ಮುಚ್ಚಳ ತೆಗೆದೆ. ಮತ್ತೆ ಸುಯ್ಯೆಂದಿತು, ಸ್ವಲ್ಪ ಹೊತ್ತಿಗೆ ದನಿ ಏರಿತು. ಇನ್ನೊಂದು ಸಲ ಮಾಡಿದೆ. ಅದೇ. ಡೀಸೆಲ್ ಖರ್ಚಾದಷ್ಟು ಗಾಳಿ ಟ್ಯಾಂಕಿನೊಳಗೆ ಹೋಗಬೇಕು, ಹೋಗುತ್ತಿಲ್ಲ, ಅದಕ್ಕೇ ಡೀಸೆಲ್ ಮೇಲೆ ಬರಲಾರದೆ ಒದ್ದಾಡುತ್ತಿದೆ. ಹತ್ತು ನಿಮಿಷ ನಿಲ್ಲಿಸಿದರೆ ಎಲ್ಲೋ ಸಂದಿಯಿಂದ ಚೂರುಚೂರೇ ಗಾಳಿ ನುಸುಳಿ ಸರಿಹೋಗುತ್ತದೆ. ನಂದೀಶ್ ಊರೊಳಗೆ ನಿಂತು ನಿಂತು ಓಡಾಡುವವರು, ಟ್ಯಾಂಕ್ ಇಳಿದ ಮೇಲೆ ಕ್ಯಾನಿನಿಂದ ಐದೈದು ಲೀಟರ್ ಹಾಕಿಕೊಳ್ಳುವವರು. ಅರೆಖಾಲಿ ಟ್ಯಾಂಕಿನಲ್ಲಿ ಮೊದಲೇ ಬೇಕಾದಷ್ಟು ಗಾಳಿ ಇರುತ್ತದೆ, ಆ ಪುಟ್ಟ ಓಡಾಟಕ್ಕೆ ಅದು ಸಾಕು. ಶನಿವಾರ ಮಾವ ಕಂಠಮಟ್ಟ ತುಂಬಿಸುತ್ತಾರೆ, ದೂರವೂ ಬರುತ್ತಾರೆ. ನನಗೆ ಕುಣಿಯುವಂತಾಯಿತು.

ಹಾಗಾದರೆ ಗಾಳಿ ಹೋಗಲು ದಾರಿ ಎಲ್ಲಿರಬೇಕಿತ್ತು? ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದೆ. ನಡುವೆ ಗುಂಡುಸೂಜಿ ಹೋಗುವಷ್ಟು ಸಣ್ಣ ತೂತು. ತೂತಿನ ತುಂಬ ಬೂದು ಬಣ್ಣದ ಅಂಟು. ಅಂಟಿನ ಮೇಲೆ ಹೆಬ್ಬೆರಳಿನ ಗುರುತು.

ಅದು ನನ್ನ ಹೆಬ್ಬೆರಳು.

ನಮ್ಮ ಕಡೆ ಮೇ ತಿಂಗಳ ಕೊನೆಯಲ್ಲಿ ಮನೆಮನೆಯಲ್ಲೂ ತೂತು ಮುಚ್ಚುವ ಕೆಲಸ. ಒಡೆದ ಹೆಂಚು, ಕಿಟಕಿಯ ಸಂದು, ಚಾವಣಿಯಂಚಿನ ಸೋರುವ ದೋಣಿ, ನೀರು ನುಗ್ಗುವ ಎಲ್ಲಾ ಕಡೆಯೂ ಅಂಟೋ ತಾರೋ ಪ್ಲಾಸ್ಟಿಕ್ಕೋ ಬೀಳಬೇಕು. ಹಿಂದಿನ ವರ್ಷ ಜೀಪಿನ ಡೀಸೆಲಿನಲ್ಲಿ ನೀರು ಬೆರೆತು ಅಶ್ವಥ್ ಟ್ಯಾಂಕ್ ತೊಳೆದಿದ್ದ. ಈ ಸಲ ಚಾವಣಿ ಮುಗಿಸಿ ಉಳಿದ ಅಂಟನ್ನು ಹಿಡಿದು ಬಂದವಳು, ಮುಚ್ಚಳದಲ್ಲಿ ತೂತು ಕಂಡೆ, ಮಳೆ ಇಲ್ಲಿಂದಲೇ ಇಳಿಯುತ್ತದೆಂದು ಒತ್ತಿಬಿಟ್ಟೆ. ಎರಡು ತಿಂಗಳು ಬಿಡದ ಮಳೆ, ಆಮೇಲೆ ನಾಟಿ, ಮಾವ ಸಂತೆಗೇ ಹೋಗಿರಲಿಲ್ಲ. ಆಗಸ್ಟಿನ ಕೊನೆಗೆ ಹೋಗಲು ಶುರು ಮಾಡಿದರು. ಜೀಪು ಸೋಲಲು ಶುರುವಾಯಿತು. ಕೀ ಕಿತ್ತುಕೊಳ್ಳಬೇಕೆಂದು ನಾನು ಮಾತೆತ್ತಿದೆ.

ಒಂದು ಕ್ಷಣ ಕೆಟ್ಟ ಬುದ್ಧಿ ಬಂತು. ಪಿನ್ನು ತೆಗೆದು ಅಂಟನ್ನು ಸದ್ದಿಲ್ಲದೆ ಕೆದಕಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಮಾವ ಜೀಪಿನ ಆ ಬದಿಯಲ್ಲಿ ನಿಂತು ತಮ್ಮ ಮಂಡಿಯನ್ನು ನೀವಿಕೊಳ್ಳುತ್ತಿದ್ದರು. ನೋಡಿ ನನಗೆ ತಡೆಯಲಾಗಲಿಲ್ಲ. ಮುಚ್ಚಳ ಹಿಡಿದು ಅವರ ಮುಂದೆ ಹೋಗಿ ಎಲ್ಲ ಹೇಳಿದೆ. ತೂತು, ಅಂಟು, ಗಾಳಿ, ನನ್ನ ಹೆಬ್ಬೆರಳು, ನಂದೀಶರ ಕಿವಿಯಲ್ಲಿ ನಾನು ಹಾಕಿದ ಮಾತು.

ಅವರು ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಾನೂ ನಂಬ್ಕಂಡಿದ್ದೆ ಕಣಮ್ಮ," ಎಂದರು. "ಕಾಲು ಎಲ್ಲಿ ಮಡಗಿದೀನಿ ಅನ್ನೋದೇ ನಂಗೆ ತಿಳೀತಿಲ್ಲವೇನೋ ಅಂತ. ದಿನಾ ಬೆಳಗ್ಗೆ ಮಂಚದ ಮೇಲೆ ಕೂತು, ಕಣ್ಣು ಮುಚ್ಕಂಡು ಎಡಗಾಲು ಎತ್ತಿ ಇಳಿಸಿ ನೋಡ್ತಿದ್ದೆ. ಸರಿಯಾಗೇ ಐತೆ ಅನ್ನಿಸೋದು. ಆದ್ರೆ ನೀವೆಲ್ಲ ಹೇಳ್ತಿದ್ರಲ್ಲ."

ನನಗೆ ಅಳು ಬಂತು. ತಪ್ಪಾಯಿತು ಮಾವ ಎಂದೆ. ಅವರು ನನ್ನ ಸೆರಗಿನ ಪಿನ್ನನ್ನೇ ಕೇಳಿ ಇಸಿದುಕೊಂಡು, ಅಂಟನ್ನು ಚೂರುಚೂರೇ ಕೆದಕಿ ತೆಗೆದರು, ಬಾಯಿಂದ ಊದಿದರು, ಮುಚ್ಚಳ ತಿರುಗಿಸಿದರು. ಚಕ್ರದ ಕಲ್ಲು ತೆಗೆಯಲು ನಾನು ಹೋದೆ. ಹತ್ತಿ ಕೂತ ಮೇಲೆ ಅವರು ಜೀಪನ್ನು ಊರ ಕಡೆ ಬಿಡಲಿಲ್ಲ. ತಿರುಗಿಸಿದರು. ಏರಿನ ಬುಡದವರೆಗೆ ಇಳಿಸಿದರು, ಅಲ್ಲಿ ಮತ್ತೆ ತಿರುಗಿಸಿ ಮೊದಲಿನಿಂದ ಹತ್ತಿಸತೊಡಗಿದರು. ಮೊದಲ ತಿರುವು ಬಂತು, ಎರಡನೆಯದು ಬಂತು, ಎಂಜಿನ್ನಿನ ದನಿ ಕುಗ್ಗಲಿಲ್ಲ. ಏರು ಮುಗಿದು ಊರಿನ ಮೊದಲ ಮನೆ ಕಾಣಿಸಿತು.

ಆಮೇಲೆ ಅವರು ರಸ್ತೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಕೇಳಿದರು.

"ಕಾಲು ನೋಡಿದ್ಯಲ್ಲ ವೀಣಾ, ಸರಿಯಾಗೇ ಇತ್ತಲ್ವಾ?"

"ಸರಿಯಾಗೇ ಇತ್ತು ಮಾವ. ಮನೇಲಿ ನಾನೇ ಹೇಳ್ತೀನಿ."

ಅವರು ತಲೆಯಾಡಿಸಿ ಗೇರ್ ಬದಲಾಯಿಸಿದರು.