ಹೂವಿನ ಚೀಲದ ಚಾಕು

ದೇವಿಕಾ ಹೊಸಪೇಟೆಯಲ್ಲಿ ಮದುವೆ ಮಂಟಪಗಳಿಗೆ ಹೂವಿನ ಅಲಂಕಾರ ಮಾಡುವವಳು. ಅಂದು ಬೆಳಿಗ್ಗೆ ಕಂಪ್ಲಿಯ ಒಂದು ಮದುವೆಗೆ ಹೊರಟಿದ್ದಳು. ಸ್ಕೂಟಿಯ ಹಿಂದೆ ಅತ್ತೆ ಬಸಕ್ಕ ಮಲ್ಲಿಗೆ ಮೊಗ್ಗಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಮಲಾಪುರ ದಾಟಿದ ಮೇಲೆ ಬಾಳೆತೋಟಗಳ ನಡುವೆ ಪೊಲೀಸರು ಗಾಡಿಗಳನ್ನು ತಡೆಯುತ್ತಿದ್ದರು.

ಲೈಸೆನ್ಸು, ಇನ್ಶೂರೆನ್ಸು, ಹೆಲ್ಮೆಟ್ಟು ಎಲ್ಲ ಸರಿಯಿತ್ತು.

"ಚೀಲದಾಗ ಏನೈತಿ?" ಎಂದ ಪೇದೆ.

"ಶುಭಕಾರ್ಯಕ್ಕ ಹೊಂಟೀವ್ರಿ, ಮದುವಿ ಹೂವಿನ ಕೆಲಸ. ದಾರ, ಕತ್ತರಿ ಅದಾವ್ರಿ. ಒಂದು ಮಡಚೋ ಚಾಕು ಐತ್ರಿ, ದಂಟು ಕೊಯ್ಯಾಕ. ತಗದು ತೋರಿಸ್ಲೇನ್ರಿ?"

ಮುಚ್ಚಿಡುವಂಥದ್ದು ಏನಿತ್ತು? ಕೇಳಿದ ಕೂಡಲೇ ಹೇಳಿದ್ದಳು. ಆದರೆ ಅವನು ತಾನೇ ಚೀಲಕ್ಕೆ ಕೈ ಹಾಕಿ ಚಾಕು ತೆಗೆದ.

"ಹೆಣ್ಮಗಳಾಗಿ ಚಾಕು ಹಿಡ್ಕಂಡು ತಿರಗ್ತೀಯಲ್ಲ, ಯಾರಿಗೆ ಹಾಕಾಕ? ಆ ಕಡಿ ನಿಂದ್ರು."

ಅಷ್ಟರಲ್ಲಿ ಒಂದು ಬೈಕು ಬಂತು. ಹಿಂದೆ ಬಾಳೆಗೊನೆ ಕಡಿಯುವ ಮಚ್ಚು ಎದ್ದು ಕಾಣುವಂತೆ ಕಟ್ಟಿತ್ತು. ಪೇದೆ ಅದನ್ನು ನೋಡಿಯೂ, "ಹೋಗಲೇ, ಜಲ್ದಿ ಹೋಗು" ಎಂದ.

ಬಿಸಿಲೇರಿತು. ಬಸಕ್ಕ ಸೆರಗಿನಿಂದ ಬುಟ್ಟಿ ಮುಚ್ಚಿ, "ಬ್ಯಾಡವ್ವ, ಚಾಕು ಇಲ್ಲೇ ಬಿಟ್ಟು ಹೋಗಾನ. ಇನ್ನೊಂದು ತಗಂಡ್ರಾತು" ಎಂದು ಪಿಸುಗುಟ್ಟಿದಳು. ದೇವಿಕಾಗೂ ಒಂದು ಕ್ಷಣ ಹಾಗೇ ಅನ್ನಿಸಿತು. ತಿರುಗಿ ನೋಡಿದರೆ, ಪೇದೆ ಜೀಪಿನ ನೆರಳಿನಲ್ಲಿ ಕೂತು ಅದೇ ಚಾಕುವಿನಿಂದ ಸೌತೆಕಾಯಿ ಹೆಚ್ಚಿಕೊಂಡು ತಿನ್ನುತ್ತಿದ್ದ.

ಅವಳ ಮೈ ಉರಿದುಹೋಯಿತು. ನೆಟ್ಟಗೆ ಜೀಪಿನ ಬಳಿ ಹೋದಳು.

"ನನ್ನ ಕೈಯಾಗಿದ್ರ ಅದು ಆಯುಧ, ನಿಮ್ಮ ಕೈಯಾಗ ಈಳಿಗಿ ಏನ್ರಿ? ನಾ ಮಾಡಿದ್ದು ತಪ್ಪಾದ್ರ ಕೇಸ್ ಬರೀರಿ, ಚಾಕು ತಗಂಡಿದ್ದಕ್ಕ ರಸೀದಿ ಕೊಡ್ರಿ. ಇಲ್ಲಂದ್ರ ನನ್ನ ಚಾಕು ನನಗ ಕೊಡ್ರಿ."

ದನಿ ಜೋರಾಗಿತ್ತು. ನಿಂತಿದ್ದ ಗಾಡಿಯವರೆಲ್ಲ ತಿರುಗಿದರು, ಯಾರೋ ನಕ್ಕರು. ಜೀಪಿನೊಳಗೆ ಫೋನು ನೋಡುತ್ತಿದ್ದ ಸಬ್ ಇನ್‌ಸ್ಪೆಕ್ಟರ್ ತಲೆ ಹೊರಹಾಕಿ ಚಾಕು ನೋಡಿದ, ಸೌತೆಕಾಯಿ ನೋಡಿದ. "ಕೊಟ್ಟು ಕಳಸ್ರೀ ಅಕೀನ್ನ" ಎಂದ.

ಪೇದೆ ಚಾಕು ಮಡಚಿ ಚಾಚಿದ. "ಈ ಸಲ ಬಿಟ್ಟೀನಿ, ಹೋಗು."

"ಬಿಡಾಕ ನಾ ಏನ್ ತಪ್ಪು ಮಾಡೀನ್ರಿ?"

ಅವನು ತಿರುಗಿ ಮುಂದಿನ ಗಾಡಿಗೆ ಕೈ ಅಡ್ಡ ಹಾಕಿದ.

ಕಂಪ್ಲಿ ಮುಟ್ಟುವಷ್ಟರಲ್ಲಿ ಅರ್ಧ ಮೊಗ್ಗು ಬಾಡಿತ್ತು. ಹಾರಗಳು ತೆಳ್ಳಗಾದವು. ಮದುಮಗಳ ತಾಯಿ ರೇಣುಕಮ್ಮ ಮುಖ ಗಂಟಿಕ್ಕಿದಾಗ ದೇವಿಕಾ ನಡೆದದ್ದನ್ನೆಲ್ಲ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಶುಭಕಾರ್ಯದಾಗ ಪೊಲೀಸರ ಮಾತು ಬ್ಯಾಡವ್ವ," ಎಂದಳು ರೇಣುಕಮ್ಮ.

"ಶುಭಕಾರ್ಯ ಅಂತ ಅವರಿಗೂ ಹೇಳಿದ್ನ್ರಿ," ಎಂದಳು ದೇವಿಕಾ. ಬಸಕ್ಕ ಈಗ ಸುಮ್ಮನಿರಲಿಲ್ಲ: "ಮಾತಾಡ್ಲಿ ಬಿಡ್ರಿ. ಹೂವು ಬಾಡಿದ್ದು ಆಕಿ ತಪ್ಪಲ್ಲ."