ಇಳಿಜಾರಿನಲ್ಲಿ ದೋಣಿ

ಕಾಮಾಕ್ಷಿಪಾಳ್ಯದ ತನ್ನ ಶೆಡ್ಡಿನಲ್ಲಿ ಚಕ್ರಪಾಣಿ ಕಟ್ಟಿದ ಕಬ್ಬಿಣದ ದೋಣಿ ನಾಲ್ಕು ಟನ್ ತೂಗುತ್ತಿತ್ತು. ಜಲಾಶಯದ ಹೂಳು ಅಳೆಯಲೆಂದು ಸರ್ಕಾರಿ ಕಚೇರಿಯೊಂದು ಅದನ್ನು ಮಾಡಿಸಿತ್ತು. ೧೯೭೪ರ ಡಿಸೆಂಬರಿನಲ್ಲಿ ಟ್ರೈಲರಿಗೇರಿಸಿ ಮಾಗಡಿ ರಸ್ತೆಯಲ್ಲಿ ಹೊರಡಿಸಿದಾಗ, ಶ್ರೀಗಂಧದ ಕಾವಲಿನ ಬಳಿಯ ಇಳಿಜಾರಿನಲ್ಲಿ ದೋಣಿಯ ಭಾರ ಟ್ರಾಕ್ಟರನ್ನೇ ಮುಂದಕ್ಕೆ ನೂಕಿತು. ಟ್ರೈಲರಿಗಿದ್ದದ್ದು ನಿಲ್ಲಿಸಿದ ಮೇಲೆ ಹಾಕುವ ಕೈಬ್ರೇಕು ಮಾತ್ರ. ಡ್ರೈವರ್ ಮರಿಯಪ್ಪ ಟ್ರಾಕ್ಟರನ್ನು ಕೊಯ್ಲಾದ ರಾಗಿ ಹೊಲಕ್ಕೆ ತಿರುಗಿಸಿ ಜೀವ ಉಳಿಸಿಕೊಂಡ. ಅವನ ಎರಡು ಪಕ್ಕೆಲುಬು ಬಿರುಕು ಬಿಟ್ಟವು.

ದೋಣಿ ಶೆಡ್ಡಿಗೆ ವಾಪಸಾಯಿತು. ಚಕ್ರಪಾಣಿ ಹಳೆಯ ಲಾರಿಯೊಂದರ ಬ್ರೇಕ್ ಡ್ರಮ್ಮುಗಳನ್ನು ತಂದು ಟ್ರೈಲರಿನ ನಾಲ್ಕೂ ಚಕ್ರಕ್ಕೆ ಕೂರಿಸಿದ. ಎಲ್ಲಕ್ಕೂ ಆಯಿಲ್ ಹರಿಯಲು ಒಂದೇ ಪೈಪು, ಎಳೆಯಲು ಒಂದೇ ಲಿವರು. ಲಿವರು ಹಿಡಿಯುವವನಿಗೆ ಟ್ರೈಲರಿನ ಮೂತಿಯಲ್ಲಿ ಒಂದು ಸೀಟು.

ಐದು ವಾರದ ಮೇಲೆ ಮರಿಯಪ್ಪ ನೋಡಲು ಬಂದ. ಕಷ್ಟಪಟ್ಟು ಬಗ್ಗಿ ಪೈಪಿನುದ್ದಕ್ಕೂ ಬೆರಳಾಡಿಸಿದ.

"ಇದು ಒಡೆದ್ರೆ ಸಾರ್?"

"ಹೊಸಾ ಪೈಪು ಕಣಯ್ಯ. ಒಡೆಯಲ್ಲ."

"ಒಡೆದ್ರೆ ಅಂತ ಕೇಳ್ದೆ."

ಚಕ್ರಪಾಣಿಗೆ ಸಿಟ್ಟು ಬಂತು. ಇಂಜಿನಿಯರಿಂಗ್ ಓದಿದವನು ತಾನು. ಆದರೆ ಮಧ್ಯಾಹ್ನ ಊಟಕ್ಕೆ ಕೂತಾಗಲೂ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಮರುದಿನ ಪೈಪು ಬಿಚ್ಚಿಸಿ, ಹಿಂದಿನ ಎರಡು ಚಕ್ರಗಳಿಗೆ ಬೇರೆ ಪೈಪು, ಬೇರೆ ಲಿವರು ಹಾಕಿಸಿದ.

ಹೊರಡುವ ದಿನ ಮರಿಯಪ್ಪನ ಜೊತೆ ಅವನ ಹೆಂಡತಿ ಲಿಂಗಮ್ಮನೂ ಮೂಡಲಪಾಳ್ಯದಿಂದ ಬಂದಿದ್ದಳು. ಸೀಟನ್ನೇ ನೋಡುತ್ತಾ ಕೇಳಿದಳು, "ಇಲ್ಲಿ ಕೂರೋದು ಯಾರು?"

"ಕೆಲಸದೋರು ಒಬ್ರನ್ನ ಗೊತ್ತು ಮಾಡಿದೀನಿ."

"ಬ್ರೇಕು ಮಾಡ್ದೋರು ನೀವು. ನೀವು ಕೂತ್ಕೊಂಡ್ರೆ ನಮ್ಮೆಜಮಾನ್ರು ಟ್ರಾಕ್ಟರ್ ಹತ್ತುತಾರೆ."

ಮರಿಯಪ್ಪ ನೆಲ ನೋಡಿದ. ಚಕ್ರಪಾಣಿ ಕನ್ನಡಕ ಒರೆಸಿ ಹಾಕಿಕೊಂಡು ಸೀಟು ಹತ್ತಿದ.

ಹಿಂದೆ ಜೀಪಿನಲ್ಲಿ ಕಚೇರಿಯ ಅಧಿಕಾರಿ ವೆಂಕಟಗಿರಿ ಬರುತ್ತಿದ್ದರು. ಇಳಿಜಾರು ಬಂದಾಗ ಮರಿಯಪ್ಪ ಮೊದಲೇ ಹೇಳಿದ್ದಂತೆ ಬ್ರೇಕು ಹಾಕಲು ಸನ್ನೆಯಾಗಿ ಎಡಗೈ ಎತ್ತಿದ. ಚಕ್ರಪಾಣಿ ಮುಂದಿನ ಚಕ್ರಗಳ ಲಿವರು ಎಳೆದ. ವೇಗ ತಗ್ಗಿತು. ಬ್ರೇಕಿನ ಲೈನಿಂಗ್ ಕಾದ ವಾಸನೆ ಬಂತು. ಅಷ್ಟರಲ್ಲಿ ಕೆಳಗೆ, ತಿರುವಿನಿಂದಾಚೆ, ಕುರಿ ಹಿಂಡೊಂದು ರಸ್ತೆಗೇರಿತು.

ಮರಿಯಪ್ಪ ಮತ್ತೆ ಕೈ ಎತ್ತಿದ. ಚಕ್ರಪಾಣಿ ಜೋರಾಗಿ ಎಳೆದ. ಲಿವರು ಇದ್ದಕ್ಕಿದ್ದಂತೆ ಸಡಿಲಾಗಿ ಅವನ ಎದೆಗೆ ಬಡಿಯಿತು. ಬಿಸಿ ಆಯಿಲ್ ಕಾಲ ಮೇಲೆ ಚಿಮ್ಮಿತು. ದೋಣಿ ಕಿರುಗುಟ್ಟಿ ಮುಂದಕ್ಕೆ ನುಗ್ಗಿತು. ಟ್ರಾಕ್ಟರಿನ ಹಿಂಭಾಗ ಪಕ್ಕಕ್ಕೆ ಸರಿಯತೊಡಗಿತು. ಮರಿಯಪ್ಪ ತಿರುಗಿ ನೋಡಿದ. ಅವನ ಬಾಯಿ ತೆರೆದಿತ್ತು, ಮಾತು ಕೇಳಿಸಲಿಲ್ಲ.

ಚಕ್ರಪಾಣಿ ಎರಡನೆಯ ಲಿವರನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ವಾಲಿದ. ಹಿಂದಿನ ಚಕ್ರಗಳು ಕೀರಲು ದನಿಯಲ್ಲಿ ಅರಚಿದವು. ಬಂಡಿ ನೆಟ್ಟಗಾಯಿತು. ಆದರೂ ಜಾರುತ್ತಿತ್ತು. ಕುರಿಗಳ ಬೆನ್ನಿನ ಕೆಂಪು ಗುರುತು ಕಾಣುವಷ್ಟು ಹತ್ತಿರ ಬಂದು, ನಿಂತಿತು.

ಕುರುಬ ಒಮ್ಮೆ ನೋಡಿ, ಕುರಿಗಳನ್ನು ಹೊಡೆದುಕೊಂಡು ಹೋದ.

ಮರಿಯಪ್ಪ ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟ. ಬಂದು ನೋಡಿದರೆ ಚಕ್ರಪಾಣಿಯ ಮುಷ್ಟಿ ಲಿವರಿನ ಮೇಲೇ ಬಿಗಿದಿತ್ತು. "ಸಾಕು, ಬಿಡಿ ಸಾರ್," ಎನ್ನುತ್ತಾ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ವೆಂಕಟಗಿರಿ ಗಡಿಯಾರ ನೋಡಿಕೊಂಡರು. "ಹಿಂದಿನ ಬ್ರೇಕು ಹಿಡಿಯುತ್ತಲ್ಲ, ನಿಧಾನಕ್ಕೆ ಹೋಗೋಣ. ಜಲಾಶಯದ ಹತ್ರ ದೊಡ್ಡ ಸಾಹೇಬ್ರು ಕಾಯ್ತಾ ಇದಾರೆ."

"ಆಗಲ್ಲ ಸಾರ್," ಎಂದ ಚಕ್ರಪಾಣಿ.

"ಕಾರಣ ಬರೆದು ಕೊಡ್ತೀರಾ?"

ಚಕ್ರಪಾಣಿ ಟ್ರೈಲರಿನಡಿ ತೂರಿ ನೋಡಿ ಬಂದ. ಮುಂದಿನ ಪೈಪು ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ ಹರಿದಿತ್ತು. ಅದನ್ನು ಅಲ್ಲಿ ಕಟ್ಟಿದವನು ಅವನೇ. ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಹಾಗೆಯೇ ಬರೆದು ಸಹಿ ಹಾಕಿದ. ಆ ಕಚೇರಿಯಿಂದ ಅವನಿಗೆ ಇನ್ನೊಂದು ದೋಣಿಯ ಕೆಲಸ ಬರಲಿಲ್ಲ.

ಎರಡು ದಿನ ದೋಣಿ ರಸ್ತೆಬದಿಯಲ್ಲೇ ನಿಂತಿತ್ತು. ಸುತ್ತಲಿನ ಹಳ್ಳಿಯವರು ಬಂದು ಅದನ್ನು ತಟ್ಟಿ ನೋಡಿ ಹೋದರು. ಪೈಪು ಬದಲಿಸಿ, ಬೇರೆ ಜಾಗದಲ್ಲಿ ಕಟ್ಟಿ, ಮೂರನೆಯ ದಿನ ಜಲಾಶಯ ಮುಟ್ಟಿಸಿದರು. ದೋಣಿ ನೀರಿಗಿಳಿದು ತೇಲಿತು.

"ಹತ್ತಿ, ಒಂದು ಸುತ್ತು ಹೋಗಿ ಬನ್ನಿ," ಎಂದರು ವೆಂಕಟಗಿರಿ.

ಚಕ್ರಪಾಣಿ ಹಿಂದೆ ಸರಿದ. "ನಂಗೆ ಈಜು ಬರಲ್ಲ ಸಾರ್."

ದಡದಲ್ಲಿ ಕೂತಿದ್ದ ಮರಿಯಪ್ಪ ನಕ್ಕುಬಿಟ್ಟ. ಚಕ್ರಪಾಣಿಯೂ ಹೋಗಿ ಅವನ ಪಕ್ಕ ಕೂತ.