ಸೋದರಮಾವನಿಗೆ ಸೋಮವಾರದ ಸುದ್ದಿ

ನನ್ನ ಮಗ ಯಜ್ಞೇಶನಿಗೆ ಮನೆಯ ಸುದ್ದಿ ಮುಟ್ಟಿಸಲು ವಾರಕ್ಕೆ ಒಂದೇ ಒಂದು ಗಂಟೆ ಸಿಗುತ್ತಿತ್ತು. ಸೋಮವಾರ ವಿಶಾಖಪಟ್ಟಣದ ಒಂದು ಇಂಟರ್‌ನೆಟ್ ಅಂಗಡಿಯಲ್ಲಿ ಹನ್ನೊಂದರಿಂದ ಹನ್ನೆರಡರವರೆಗೆ ಅವನು ಕೂರುತ್ತಿದ್ದ. ನಮ್ಮ ದೋಹಾದಲ್ಲಿ ಆಗ ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆ.

ಬೆಂಗಳೂರಿನಲ್ಲಿ ಓದುತ್ತಿದ್ದಾಗ ಅವನು ಮೋರ್ಮನ್ ಚರ್ಚಿಗೆ ಸೇರಿದ. ಅವರಲ್ಲಿ ಗಂಡುಹುಡುಗರು ಎರಡು ವರ್ಷ ಮಿಷನ್‌ಗೆ ಹೋಗುತ್ತಾರೆ. ಬಿಳಿ ಅಂಗಿ, ಟೈ, ಎದೆಗೆ ಹೆಸರಿನ ಪಟ್ಟಿ, ಜೊತೆಗೊಬ್ಬ ಹುಡುಗ. ಆ ಎರಡು ವರ್ಷ ಮನೆಗೆ ಬರುವ ರೂಢಿ ಇಲ್ಲ. ವಾರಕ್ಕೊಂದು ಈಮೇಲ್, ವರ್ಷಕ್ಕೆ ಎರಡು ಫೋನ್: ಕ್ರಿಸ್‌ಮಸ್ಸಿಗೆ ಒಂದು, ತಾಯಂದಿರ ದಿನಕ್ಕೆ ಒಂದು. ಬಾಲ್ಕನಿಯ ತುಳಸಿ ಕುಂಡಕ್ಕೆ ದೀಪ ಇಡುವ ನಾನು ಕ್ರಿಸ್‌ಮಸ್ಸಿಗೆ ಇನ್ನೆಷ್ಟು ದಿನ ಎಂದು ಎಣಿಸುವಂತಾಯಿತು.

ಇಂಡಸ್ಟ್ರಿಯಲ್ ಏರಿಯಾದಲ್ಲಿ ಎ.ಸಿ. ರಿಪೇರಿ ಅಂಗಡಿ ಇಟ್ಟಿರುವ ನನ್ನ ಗಂಡ ಗಿರಿಯಪ್ಪನವರಿಗೆ ಇದು ಯಾವುದೂ ಹಿಡಿಸಿರಲಿಲ್ಲ. "ಇಪ್ಪತ್ತು ವರ್ಷದವನನ್ನು ಎಲ್ಡರ್ ಅಂತ ಕರೆಯುವುದಂತೆ! ಅವನು ಹಿರಿಯ ಆದರೆ ನಾನು ಎಂತ ಮಾರಾಯ್ತಿ, ಅಜ್ಜನಾ?" ಎನ್ನುತ್ತಿದ್ದರು. ಧರ್ಮ ಬದಲಾದದ್ದಕ್ಕಿಂತ, ಆ ಚರ್ಚಿನ ನಿಯಮದಂತೆ ಮಗ ಚಾ ಬಿಟ್ಟದ್ದೇ ಅವರಿಗೆ ದೊಡ್ಡ ಪೆಟ್ಟು. ದಿನಕ್ಕೆ ಆರು ಚಾ ಕುಡಿಯುವ ಮನುಷ್ಯ. ಮಗ ಹೋದ ಒಂಬತ್ತು ತಿಂಗಳಲ್ಲಿ ಒಂದು ಸಾಲೂ ಅವನಿಗೆ ಬರೆದಿರಲಿಲ್ಲ.

ಬರೆಯುತ್ತಿದ್ದವಳು ನಾನು. ಐನ್ ಖಾಲಿದ್‌ನ ನಮ್ಮ ಎರಡು ಕೋಣೆಯ ಮನೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತೇನೆ. ಹೊಲಿಯುತ್ತಾ ವಾರವಿಡೀ ಮಾತು ಜೋಡಿಸಿಟ್ಟುಕೊಂಡು, ಭಾನುವಾರ ಸಂಜೆ ಅಳಿಯ ಅಕ್ಷಯ್ ಬಂದಾಗ ಹೇಳುತ್ತಿದ್ದೆ. ಅವನು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸುತ್ತಿದ್ದ. ಹಾಗೆ ಜೋಡಿಸುವಾಗ ಬೇಡದ್ದನ್ನು ಕತ್ತರಿಸುವುದೂ ಇತ್ತು. ಅಕ್ಟೋಬರಿನಲ್ಲಿ ಊರಿನಲ್ಲಿ ನನ್ನ ಅತ್ತೆ ತೀರಿಕೊಂಡರು. ಯಜ್ಞೇಶನಿಗೆ ಅಜ್ಜಿ ಎಂದರೆ ಜೀವ. ಗೊತ್ತಿಲ್ಲದ ಊರಿನಲ್ಲಿ ಒಬ್ಬನೇ ಅಳುವುದು ಬೇಡ ಎಂದು ನಾನು ಬರೆಸಲಿಲ್ಲ.

ಕ್ರಿಸ್‌ಮಸ್ ದಿನ ಫೋನ್ ಬಂತು. ಅವನ ಎರಡನೆಯ ಮಾತೇ "ಅಜ್ಜಿ ಹೇಗಿದ್ದಾರೆ?" ಎಂದಾಗಿತ್ತು.

ಹೇಳಿದೆ. ಯಾವ ದಿನ, ಯಾರು ಹತ್ತಿರ ಇದ್ದರು ಎಂದೆಲ್ಲ ಕೇಳಿದ. ಕೊನೆಗೆ, "ಅಮ್ಮ, ನಾನು ಎರಡು ವರ್ಷ ಮನೆಗೆ ಬರುವುದಿಲ್ಲ ಅಷ್ಟೇ. ಮನೆ ಬಿಟ್ಟು ಹೋದದ್ದಲ್ಲ. ಇನ್ನು ಮುಚ್ಚಿಡಬೇಡ," ಎಂದ. ಆಗಲಿ ಎಂದು ಮಾತು ಕೊಟ್ಟೆ.

ಫೆಬ್ರವರಿ ಹನ್ನೊಂದರ ಭಾನುವಾರ ಆ ಮಾತಿಗೆ ಪರೀಕ್ಷೆ ಬಂತು. ಬಸುರಿಯಾಗಿದ್ದ ಮಗಳು ಗ್ರೀಷ್ಮಾಳಿಗೆ ಏಳು ತಿಂಗಳು ತುಂಬುವ ಹೊತ್ತಿಗೇ ಹೆರಿಗೆಯಾಯಿತು. ಹೆಣ್ಣುಮಗು. ಸಾವಿರದ ಮುನ್ನೂರ ಹತ್ತು ಗ್ರಾಂ. ಆಸ್ಪತ್ರೆಯವರು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಅಲ್ಲಿಯ ನರ್ಸ್ ಪ್ಯಾಟ್ರಿಷಿಯಾ ನಮ್ಮ ಮಂಗಳೂರಿನವಳು. "ಪೂವಕ್ಕ, ಉಸಿರಾಟ ಪರವಾಗಿಲ್ಲ. ಆದರೆ ಈ ವಾರ ಯಾರೂ ಏನೂ ಹೇಳುವುದಿಲ್ಲ, ನೀವು ಕೇಳಲೂ ಬೇಡಿ," ಎಂದು ನನಗೆ ಹೇಳಿದಳು.

ಸೋಮವಾರ ಬೆಳಿಗ್ಗೆ ಅಕ್ಷಯ್ ಆಸ್ಪತ್ರೆಯಲ್ಲೇ ಇದ್ದ. ಆರೂವರೆಗೆ ನಾನೇ ಕಂಪ್ಯೂಟರ್ ಮುಂದೆ ಕುಳಿತೆ. ಅಂಗಡಿಗೆ ಹೊರಟಿದ್ದ ಗಿರಿಯಪ್ಪನವರು ಬಾಗಿಲಲ್ಲಿ ನಿಂತರು.

"ಬರೆಯುತ್ತೀಯಾ? ಬರಿ. ಚೆನ್ನಾಗಿ ಬರಿ. ಓದಿದ ಕೂಡಲೇ ಓಡಿ ಬರಬೇಕು. ಸೋದರಮಾವ ಅವನು, ಬೇರೆ ಯಾರೂ ಅಲ್ಲ."

"ಅವನನ್ನು ಎಳೆದು ತರಲಿಕ್ಕೆ ಮಗು ಹಗ್ಗವಾ?"

"ಹಗ್ಗವೋ ಸರಪಳಿಯೋ, ಬಂದರೆ ಸಾಕು," ಎಂದು ಹೋದರು.

ನಮ್ಮ ತುಳುವರಲ್ಲಿ ಸೋದರಮಾವನಿಲ್ಲದೆ ಮಗುವಿನ ಯಾವ ಕೆಲಸವೂ ನಡೆಯುವುದಿಲ್ಲ ಎಂಬುದು ನನಗೂ ಗೊತ್ತು. ಅದಕ್ಕೇ ಬರೆಯುವುದು ಕಷ್ಟವಾದದ್ದು. 'ಮಗು ತುಂಬಾ ಸಣ್ಣದು, ಡಾಕ್ಟರು ಏನೂ ಹೇಳುವುದಿಲ್ಲ' ಎಂದು ಒಂದು ಬೆರಳಿನಿಂದ ಒತ್ತಿದೆ. ಓದಿದರೆ ನಾನೇ ಓಡಿಹೋಗುವಂತಿತ್ತು. ಅಳಿಸಿದೆ. 'ಎಲ್ಲ ಚೆನ್ನಾಗಿದೆ, ನೀನು ಮಾವನಾದೆ' ಎಂದು ಒತ್ತಿದೆ. ಅದು ಅಜ್ಜಿಯ ಕತೆಯೇ ಮತ್ತೊಮ್ಮೆ. ಅದನ್ನೂ ಅಳಿಸಿದೆ. ಆಮೇಲೆ ನನ್ನ ಕೆಲಸವೇ ನೆನಪಾಯಿತು. ಗಿರಾಕಿ ಬಂದು "ಸ್ವಲ್ಪ ಸಡಿಲ ಇರಲಿ" ಎಂದರೆ ನನಗೇನೂ ಅರ್ಥವಾಗುವುದಿಲ್ಲ, ಎಷ್ಟು ಇಂಚು ಹೇಳಿ ಎನ್ನುತ್ತೇನೆ. ಹಾಗಾಗಿ ಅಳತೆ ಬರೆದೆ. ತೂಕ ಇಷ್ಟು. ಉದ್ದ ಹದಿನೈದೂವರೆ ಇಂಚು. ಅಕ್ಷಯನ ಮದುವೆಯ ಉಂಗುರ ಮಗುವಿನ ಅಂಗೈ ದಾಟಿ ಮಣಿಕಟ್ಟಿಗೆ ಬರುತ್ತದೆ. ಉಸಿರಿಗೆ ಮೂಗಿನಲ್ಲಿ ನಳಿಕೆ ಉಂಟು. ಗ್ರೀಷ್ಮಾ ಎದ್ದು ನಡೆಯುತ್ತಾಳೆ, ಅಳುತ್ತಾಳೆ, ಗಂಜಿ ಕುಡಿಯುತ್ತಾಳೆ. ಸ್ಥಿತಿ ಇನ್ನೂ ಕೆಟ್ಟರೆ ನಿಮ್ಮ ಮಿಷನ್ ಆಫೀಸಿಗೆ ನಾನೇ ಫೋನ್ ಮಾಡುತ್ತೇನೆ, ಮುಚ್ಚಿಡುವುದಿಲ್ಲ.

ಕಳಿಸಿ ಎದ್ದಾಗ ಬೆನ್ನು ಮರಗಟ್ಟಿತ್ತು. ಸಂಜೆ ಅಕ್ಷಯ್ ಬಂದು ನೋಡಿ, ಮೆಲ್ಲಗೆ ಹೇಳಿದ: "ಅತ್ತೆ, ನೀವು ಕಳಿಸಿದ್ದು ಒಂಬತ್ತು ಐವತ್ತಕ್ಕೆ. ಅವನ ಗಂಟೆ ಅಷ್ಟರಲ್ಲಿ ಖಲಾಸ್. ಇನ್ನು ನೋಡುವುದು ಮುಂದಿನ ಸೋಮವಾರವೇ."

ಹದಿನೈದು ಸಾಲು ಒತ್ತಲು ನನಗೆ ಮೂರು ಗಂಟೆಗೂ ಹೆಚ್ಚು ಹಿಡಿದಿತ್ತು. ಗಡಿಯಾರದ ಕಡೆ ನೋಡಿರಲೇ ಇಲ್ಲ.

ಗಿರಿಯಪ್ಪನವರಿಗೆ ಇದನ್ನು ಹೇಳಲಿಲ್ಲ. ಹೇಳಿದರೆ ಮಿಷನ್ ಆಫೀಸಿಗೆ ಫೋನ್ ಮಾಡು ಎನ್ನುತ್ತಾರೆ. ಆಫೀಸಿನಿಂದ ಸುದ್ದಿ ಹೋದರೆ ಹುಡುಗ ಹಿಂದೆಮುಂದೆ ನೋಡದೆ ಚೀಲ ಕಟ್ಟುತ್ತಾನೆ. ಮೊದಲು ಮಗುವಿನ ದಾರಿ ತಿಳಿಯಲಿ ಎಂದುಕೊಂಡೆ.

ಗುರುವಾರ ತೂಕ ಇನ್ನೂ ಇಳಿದು ಸಾವಿರದ ಇನ್ನೂರ ನಲವತ್ತಕ್ಕೆ ಬಂತು. "ಮೊದಲ ವಾರ ಎಲ್ಲ ಮಕ್ಕಳೂ ಇಳಿಯುತ್ತವೆ ಪೂವಕ್ಕ. ನೀವು ಹೀಗೆ ಮುಖ ಮಾಡಿದರೆ ನಿಮ್ಮ ಮಗಳಿಗೆ ಹಾಲು ಬತ್ತುತ್ತದೆ," ಎಂದು ಪ್ಯಾಟ್ರಿಷಿಯಾ ಗದರಿದಳು. ಮುಖ ಸರಿಮಾಡಿಕೊಂಡು ಮನೆಗೆ ಬಂದರೆ, ಯಜ್ಞೇಶನ ಮಂಚ ಖಾಲಿ. ಅವನು ಹೋದಂದಿನಿಂದ ನಾನು ಅದರ ಮೇಲೆ ಹೊಲಿಗೆಯ ಬಟ್ಟೆ ಪೇರಿಸುತ್ತಿದ್ದೆ. ಎಲ್ಲ ಗಂಟು ಕಟ್ಟಿ ಮೂಲೆಗೆ ಸರಿಸಿ, ಒಗೆದ ಚಾದರ ಹಾಸಲಾಗಿತ್ತು. ದಿಂಬಿಗೆ ಹೊಸ ಕವರು. ಅದೂ ತಿರುವುಮುರುವು.

"ಇದು ಎಂತದು?" ಎಂದೆ.

"ಉತ್ತರ ಬರಲಿಲ್ಲ ಅಂದರೆ ಹೊರಟಿದ್ದಾನೆ ಅಂತ ಅರ್ಥ," ಎಂದರು ಗಿರಿಯಪ್ಪನವರು ಟಿ.ವಿ. ಕಡೆ ನೋಡುತ್ತಾ. "ವೀಸಾಕ್ಕೆ ಎರಡು ಮೂರು ದಿನ ಬೇಕಲ್ಲ. ಇವತ್ತೋ ನಾಳೆಯೋ ಫೋನ್ ಮಾಡುತ್ತಾನೆ."

ಮಗನಿಂದ ಸುದ್ದಿ ಮುಚ್ಚಿಟ್ಟ ತಪ್ಪನ್ನೇ ಈಗ ಗಂಡನ ವಿಷಯದಲ್ಲೂ ಮಾಡುತ್ತಿದ್ದೆ. ಮಂಚದ ತುದಿಯಲ್ಲಿ ಕುಳಿತು ಹೇಳಿಬಿಟ್ಟೆ. "ಅವನು ಓದಿಯೇ ಇಲ್ಲ. ನಾನು ಕಳಿಸುವಾಗ ತಡವಾಯಿತು. ಸೋಮವಾರದಿಂದ ನನಗೆ ಗೊತ್ತುಂಟು."

ಅವರು ಟಿ.ವಿ. ಆರಿಸಿದರು. ಬೈಯುತ್ತಾರೆ ಎಂದುಕೊಂಡಿದ್ದೆ. "ನಾಲ್ಕು ದಿನ ನನ್ನನ್ನು ಮಂಗ ಮಾಡಿದೆಯಲ್ಲ," ಎಂದಷ್ಟೇ ಹೇಳಿ, ಫೋನ್ ನನ್ನತ್ತ ಸರಿಸಿ, "ಆಫೀಸಿಗೆ ಫೋನ್ ಮಾಡು. ಯಲ್ಲಾ, ಬೇಗ, ಈಗಲೇ," ಎಂದರು.

"ಭಾನುವಾರದ ತೂಕ ನೋಡುವ. ಮತ್ತೆ ಇಳಿದರೆ ನಾನೇ ಮಾಡುತ್ತೇನೆ. ನಂಬರು ಬರೆದು ಗೋಡೆಯಲ್ಲಿ ಇಡುತ್ತೇನೆ, ನಾನು ಮಾಡದಿದ್ದರೆ ನೀವು ಮಾಡಿ."

ಚೀಟಿಯಲ್ಲಿ ಬರೆದು ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿಸಿದೆ. ಶುಕ್ರವಾರ, ಶನಿವಾರ ಅವರು ಅದರ ಎದುರಿನಿಂದ ಹೋಗಿ ಬಂದದ್ದು ಎಷ್ಟು ಸಲವೋ. ಮುಟ್ಟಲಿಲ್ಲ.

ಭಾನುವಾರ ಮಧ್ಯಾಹ್ನ ಪ್ಯಾಟ್ರಿಷಿಯಾಳೇ ಫೋನ್ ಮಾಡಿದಳು. ಸಾವಿರದ ಇನ್ನೂರ ಎಪ್ಪತ್ತು. ಮೂಗಿನ ನಳಿಕೆ ತೆಗೆದಿದ್ದಾರೆ.

ಸಂಜೆ ಅಕ್ಷಯನಿಂದ ಬರೆಸಿದೆ. ಇಳಿದದ್ದು, ಏರಿದ್ದು, ಎರಡೂ. "ಹಳೇ ಮೇಲ್ ಓದಬೇಡ ಅಂತ ಮೇಲೆ ಹಾಕಲಾ ಅತ್ತೆ? ಸುಮ್ಮನೆ ಯಾಕೆ ಹೆದರುವುದು?" ಎಂದು ಕೇಳಿದ. ಬೇಡ ಎಂದೆ. ಆ ವಾರ ನಾವು ಹೇಗಿದ್ದೆವು ಎಂದು ಅವನಿಗೂ ಗೊತ್ತಾಗಲಿ.

ಸೋಮವಾರ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಉತ್ತರ ಬಂತು. ಅಕ್ಷಯ್ ಆಫೀಸಿಗೆ ತಡವಾಗಿ ಹೋಗುತ್ತೇನೆಂದು ಕಾದು ಕುಳಿತಿದ್ದ. ಗಿರಿಯಪ್ಪನವರೂ ಅಂಗಡಿಗೆ ಹೋಗಿರಲಿಲ್ಲ. ಶೂ ಹಾಕಿಕೊಂಡು ಕುರ್ಚಿಯಲ್ಲಿದ್ದರು. ಅಕ್ಷಯ್ ಗಟ್ಟಿಯಾಗಿ ಓದಿದ.

'ಅಮ್ಮ, ಕೆಳಗಿದ್ದ ಹಳೆಯ ಮೇಲ್ ಮೊದಲು ಓದಿದೆ. ಎದ್ದು ಹೊರಗೆ ಹೋದೆ. ಹೊರಟುಬಿಡುತ್ತೇನೆ ಎಂದು ಜೊತೆಗಾರನಿಗೆ ಹೇಳಿಯೂ ಆಯಿತು. ಅವನು, ಮೇಲೆ ಇನ್ನೊಂದು ಇದೆ ನೋಡು ಎಂದ. ನೋಡಿ ಕುಳಿತೆ. ನಳಿಕೆ ತೆಗೆದದ್ದನ್ನು ಮೂರು ಸಲ ಓದಿದೆ. ನೀನು ಅಳತೆ ಬರೆದದ್ದು ಒಳ್ಳೆಯದಾಯಿತು, ಮಗು ಕಣ್ಣಿಗೆ ಕಂಡಿತು. ನಾನು ಇಲ್ಲಿಯೇ ಇರುತ್ತೇನೆ. ಕಿವಿ ಚುಚ್ಚುವುದನ್ನು ಮುಂದಿನ ವರ್ಷ ಮೇ ತಿಂಗಳಿಗೆ ಇಡಿ. ನನ್ನ ತೊಡೆಯ ಮೇಲೆಯೇ ಆಗಬೇಕು, ಬೇರೆ ಯಾರನ್ನೂ ಕೂರಿಸಬೇಡಿ. ಬರುವ ಭಾನುವಾರ ಮಗುವಿಗಾಗಿ ನಾವಿಬ್ಬರೂ ಎರಡು ಹೊತ್ತು ಉಪವಾಸ ಮಾಡಿ ಪ್ರಾರ್ಥಿಸುತ್ತೇವೆ. ಬೈಯಬೇಡ, ಸಂಜೆ ಚೆನ್ನಾಗಿ ಉಣ್ಣುತ್ತೇನೆ. ಪ್ರತಿ ವಾರ ತೂಕ ಬೇಕು. ಅಪ್ಪ, ಬರಲಿಲ್ಲ ಎಂದು ಬೇಸರ ಮಾಡಬೇಡಿ.'

ಅಕ್ಷಯ್ ಓದಿ ಮುಗಿಸಿದ ಮೇಲೆ ಗಿರಿಯಪ್ಪನವರು ಎದ್ದು ಬಾಗಿಲವರೆಗೆ ಹೋದರು.

"ಅಲ್ಲಿ ಫೆಬ್ರವರಿಯಲ್ಲೂ ಸೆಕೆ ಇರುತ್ತದೆ," ಎಂದರು. "ಬಿಸಿಲಲ್ಲಿ ನಡೆಯುವವನು ಉಪವಾಸ ಮಾಡುವುದು ಎಂತ ಬುದ್ಧಿ?"

ಮುಂದಿನ ಭಾನುವಾರ ಬೆಳಿಗ್ಗೆ ಚಾ ಕೊಟ್ಟರೆ ಬೇಡ ಎಂದರು. ತಿಂಡಿಯೂ ಬೇಡ, ಹೊಟ್ಟೆ ಸರಿ ಇಲ್ಲ. ಸಂಜೆ ಬಂದಾಗ, "ಅಂಗಡಿಯಲ್ಲಿ ಎಷ್ಟು ಚಾ ಆಯಿತು?" ಎಂದೆ.

"ಕೆಟಲ್ ಕೆಟ್ಟಿದೆ."

"ನಿಮ್ಮ ಸಾಲಿನಲ್ಲಿ ಮಲಯಾಳಿಗಳ ಕೆಫೆಟೇರಿಯಾ ನಾಲ್ಕಿವೆ."

"ನೀನು ಬ್ಲೌಸು ಹೊಲಿ ಮಾರಾಯ್ತಿ, ನನ್ನ ಹೊಟ್ಟೆಯ ಅಳತೆ ತೆಗೆಯಬೇಡ," ಎಂದು ಸ್ನಾನಕ್ಕೆ ಹೋದರು. ಆ ಸಂಜೆ ಅಕ್ಷಯ್ ಟೈಪ್ ಮಾಡುತ್ತಿದ್ದಾಗ ಒದ್ದೆ ತಲೆಯಲ್ಲೇ ಬಂದು, "ಸರಿ ಅತ್ಲಾಗೆ. ತೂಕ ನಾನು ಹಾಕುತ್ತೇನೆ," ಎಂದರು. ಪ್ಯಾಟ್ರಿಷಿಯಾಳಿಗೆ ತಾವೇ ಫೋನ್ ಮಾಡಿ ಕೇಳಿಕೊಂಡಿದ್ದರು. ಒಂದು ಬೆರಳಿನಲ್ಲಿ ಒತ್ತಿದರು: 'ತೂಕ 1340. ಅಪ್ಪ.' ಒಂಬತ್ತು ತಿಂಗಳ ಮೇಲೆ ಅದು ಮೊದಲ ಸಾಲು.

ಆಮೇಲೆ ಪ್ರತಿ ವಾರದ ಮೇಲ್‌ನಲ್ಲೂ ಕೊನೆಯ ಸಾಲು ಅವರದು. 1460. ಅಪ್ಪ. 1610. ಅಪ್ಪ. ಏಪ್ರಿಲ್ ಮೊದಲ ವಾರ ಮಗುವನ್ನು ಮನೆಗೆ ಕಳಿಸಿದಾಗ ಎರಡು ಸಾವಿರ ದಾಟಿತ್ತು. ಗ್ರೀಷ್ಮಾ ಅಲ್ ಗರಾಫಾದ ತನ್ನ ಮನೆಗೆ ಹೋಗದೆ ನಮ್ಮಲ್ಲಿಯೇ ಉಳಿದಳು, ಯಜ್ಞೇಶನ ಮಂಚದಲ್ಲಿ ತಾಯಿ ಮಗು ಮಲಗಿದರು. ನನ್ನ ಬಟ್ಟೆಯ ಗಂಟು ಮೂಲೆಯಲ್ಲೇ ಉಳಿಯಿತು. ಗಿರಿಯಪ್ಪನವರು ಎಲ್ಲಿಂದಲೋ ಮಕ್ಕಳನ್ನು ತೂಗುವ ತಕ್ಕಡಿಯೊಂದನ್ನು ತಂದಿಟ್ಟರು.

ಮೇ ಹದಿಮೂರು, ತಾಯಂದಿರ ದಿನ. ದೋಹಾದಲ್ಲಿ ಭಾನುವಾರ ಕೆಲಸದ ದಿನ. ಆದರೂ ಅಂಗಡಿಗೆ ಬೀಗ ಹಾಕಿಸಿ ಗಿರಿಯಪ್ಪನವರು ಮನೆಯಲ್ಲಿದ್ದರು. ಹತ್ತು ಗಂಟೆಗೆ ಫೋನ್ ಹೊಡೆದುಕೊಂಡಿತು. ನಾನು ಎತ್ತಿದೆ.

"ಅಮ್ಮ," ಎಂದ ಯಜ್ಞೇಶ. "ಮುಚ್ಚಿಟ್ಟದ್ದು ಏನಾದರೂ ಉಂಟಾ?"

"ನಿನ್ನ ಅಪ್ಪನ ಬಿ.ಪಿ. ಸ್ವಲ್ಪ ಜಾಸ್ತಿ. ಮಾತ್ರೆ ಶುರುವಾಗಿದೆ. ನನ್ನ ಕನ್ನಡಕದ ನಂಬರು ಏರಿದೆ. ಮತ್ತೇನಿಲ್ಲ."

ಅವನು ನಕ್ಕ. ಗ್ರೀಷ್ಮಾ ಮಗುವನ್ನು ಹತ್ತಿರ ತಂದಳು. ಮಾವನ ಧ್ವನಿ ಕೇಳಿದ ಮಗು ಜೋರಾಗಿ ಸೀನಿತು. ಆ ಕಡೆಯಿಂದ, "ಈಗ ಎಷ್ಟು ಅಮ್ಮ? ಎಷ್ಟಾಯಿತು?" ಎಂದು ಅವನು ಕೇಳುತ್ತಿದ್ದ.

ನಾನು ಬಾಯಿ ತೆರೆಯುವುದರೊಳಗೆ ಗಿರಿಯಪ್ಪನವರು ಕೈ ಚಾಚಿದರು.

"ಕೊಡು ಇಲ್ಲಿ. ತೂಕ ನಾನು ಹೇಳುವುದು."